ಭಾವನ ವಿಮಾನದ ಮೂತಿ

ನಮ್ಮೂರಿನಲ್ಲಿ ಯಾರೂ ತಾವು ಮಾಡಿದ ಕೆಲಸವನ್ನು ತಾವೇ ಹೊಗಳಿಕೊಳ್ಳುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಇಲ್ಲ, ಮಣ್ಣೂ ಇಲ್ಲ. ಹೊಗಳಿಕೊಂಡರೆ ಮಾಡಿದ ವಸ್ತು ಉಬ್ಬುತ್ತದೆ, ಅಷ್ಟೇ. ಟೈಲರ್ ಬಾಬಣ್ಣ ಒಮ್ಮೆ ಮದುಮಗನೊಬ್ಬನಿಗೆ ಕೋಟು ಹೊಲಿದುಕೊಟ್ಟು, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ಇಂಥ ಕೋಟು ಈ ಊರಲ್ಲಿ ಹುಟ್ಟಿಲ್ಲ ಎಂದುಬಿಟ್ಟ. ಎರಡು ಮೈಲಿ ಆಚೆ ಛತ್ರದಲ್ಲಿ ಧಾರೆಗೆ ನಿಂತಿದ್ದ ಮದುಮಗನ ಕೋಟಿನ ತೋಳು ಅದೇ ಗಳಿಗೆಗೆ ಬೆರಳು ದಾಟಿ ಕೆಳಗಿಳಿಯಿತು. ಹುಡುಗಿಯ ತಂದೆ ಕೈಹಿಡಿಸಲು ಮೊದಲು ಕೈಯನ್ನು ಹುಡುಕಬೇಕಾಯಿತು. ಬಾಬಣ್ಣನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು ಮದುಮಗನ ಮುಂದೆ ನಿಲ್ಲಿಸಿದರು. ಒಳಗಿನ ಅಸ್ತರಿಗೆ ಹಳೆಯ ಕಿಟಕಿ ಪರದೆ ಹಾಕಿದ್ದೇನೆ ಎಂದು ಅವನು ಒಪ್ಪಿಕೊಂಡ ಮೇಲೆ ಕೋಟು ಸರ್ರನೆ ಮೇಲಕ್ಕೆ ಬಂತು. ಉಬ್ಬಿದ್ದನ್ನು ಇಳಿಸುವುದಕ್ಕೆ ಇರುವುದು ಅದೊಂದೇ ದಾರಿ. ವಸ್ತು ಯಾರದೋ ಅವರ ಮುಂದೆಯೇ ನಿಂತು ಅದರ ನಿಜವಾದ ಕುಂದು ಹೇಳಬೇಕು. ಇಲ್ಲದ ಕುಂದನ್ನು ಕಟ್ಟಿ ಹೇಳಿದರೆ ನಡೆಯುವುದಿಲ್ಲ.

ಹಾಗಾಗಿ ನಮ್ಮ ಬಡಗಿಗಳು ಕೆಲಸವಿಲ್ಲದಾಗಲೂ ತುಟಿಯ ನಡುವೆ ಎರಡು ಮೊಳೆ ಕಚ್ಚಿಕೊಂಡಿರುತ್ತಾರೆ. ಹೊಸ ಮನೆ ಕಟ್ಟಿದ ಮೇಸ್ತ್ರಿಯನ್ನು ಗೃಹಪ್ರವೇಶಕ್ಕೆ ಕರೆದರೂ ಮಾತಿಗೆ ಕರೆಯುವುದಿಲ್ಲ, ನೇರ ಎಲೆಯ ಮುಂದೆ ಕೂರಿಸುತ್ತಾರೆ. ಮಾಡಿದವರನ್ನು ಹೇಗಿದೆ ಎಂದು ಕೇಳಿದರೆ ಸಿಗುವ ಉತ್ತರ “ಇದೆ” ಎಂಬುದೊಂದೇ. ಮದುವೆಯ ಅಡುಗೆಯವರನ್ನು ಮಾತ್ರ ಬಾಯಿ ಜೋರಿರುವವರನ್ನೇ ನೋಡಿ ಗೊತ್ತುಮಾಡುತ್ತಾರೆ. ಇನ್ನೂರು ಜನಕ್ಕೆ ಕಟ್ಟಿದ ಲಾಡು ಅವರ ಬಾಯಿಂದಾಗಿ ಮುನ್ನೂರು ಜನರ ಎಲೆ ತುಂಬುತ್ತದೆ. ತಿಂದವರಿಗೆ ಒಂದು ಗಂಟೆಯಲ್ಲಿ ಮತ್ತೆ ಹಸಿವಾಗುವುದು ಬೇರೆ ಮಾತು. ಗಾತ್ರ ಉಬ್ಬುತ್ತದೆಯೇ ಹೊರತು ಒಳಗಿನ ಸರಕು ಇದ್ದಷ್ಟೇ ಇರುತ್ತದೆ.

ಇಂಥ ಊರಿನಲ್ಲಿ ನಾನು ಹುಟ್ಟಿದೆ. ಹೆಸರು ಧರಣೇಂದ್ರ, ಕಸುಬು ಫೈಬರ್ ಗ್ಲಾಸಿನದು. ನೀರಿನ ಟ್ಯಾಂಕು ಮಾಡುತ್ತೇನೆ, ಪಾರ್ಕುಗಳಿಗೆ ಸೊಂಡಿಲಿನಿಂದ ಜಾರುವ ಆನೆ ಮಾಡುತ್ತೇನೆ. ಉಳಿದವರಿಗೆಲ್ಲ ಶಾಪವಾದದ್ದು ನನಗೆ ವರವಾಯಿತು. ಚಿಕ್ಕ ಅಚ್ಚಿನಲ್ಲಿ ಆನೆ ತೆಗೆದು, ಅದನ್ನು ಅಂಗಳಕ್ಕೆ ತಂದು, ಅದರ ಸುತ್ತ ಒಂದು ಸುತ್ತು ಬಂದು ಹತ್ತು ನಿಮಿಷ ಕೊಚ್ಚಿಕೊಂಡರೆ ಮರಿಯಾನೆ ದೊಡ್ಡಾನೆಯಾಗುತ್ತಿತ್ತು. ಟ್ಯಾಂಕುಗಳೂ ಹಾಗೆಯೇ. ಗೋಡೆ ತೆಳ್ಳಗಾಗಿ ಎರಡು ಬೇಸಿಗೆಗೆ ಜಿನುಗುತ್ತಿದ್ದವು ಎಂಬುದನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೆ ಬದುಕಿದ ಮೇಲೆ ನನ್ನ ನಾಲಿಗೆ ನನ್ನ ಕೈಗಿಂತ ದೊಡ್ಡ ಕಸುಬುದಾರನಾಗಿತ್ತು.

ನನ್ನ ಅಕ್ಕ ಪದ್ದಕ್ಕನ ಗಂಡ ನೇಮಿರಾಜ ಭಾವ ನನಗೆ ತೀರ ತದ್ವಿರುದ್ಧ. ಲೇತ್ ಮೆಷಿನ್ನಿನ ಮನುಷ್ಯ. ವಯಸ್ಸಿನಲ್ಲಿ ಹೊರಗೆಲ್ಲೋ ಹೋಗಿ ವಿಮಾನ ಹಾರಿಸುವುದನ್ನು ಕಲಿತು, ಪರವಾನಗಿ ತೆಗೆದುಕೊಂಡು ಬಂದವರು, ಹನ್ನೊಂದು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರು ಕೂರುವ ಒಂದು ವಿಮಾನ ಕಟ್ಟುತ್ತಿದ್ದರು. ಈ ಹನ್ನೊಂದು ವರ್ಷದಲ್ಲಿ ಅದರ ಬಗ್ಗೆ ಅವರ ಬಾಯಿಂದ ಒಂದು ಮಾತೂ ಹೊರಬಿದ್ದಿರಲಿಲ್ಲ. ಅದಕ್ಕೇ ಅದರ ಒಂದೊಂದು ತುಂಡೂ ಇನ್ನೊಂದರ ಪಕ್ಕದಲ್ಲಿ ಕೂದಲೆಳೆಯೂ ತೂರದ ಹಾಗೆ ಕೂತಿತ್ತು. ಇದನ್ನು ನಾನು ಹೇಳಬಹುದು, ಮಾಡಿದವನು ನಾನಲ್ಲವಲ್ಲ.

ಆ ವರ್ಷ ಭಾವನ ಕಣ್ಣು ಕೈಕೊಡಲು ಶುರುವಾಯಿತು. ನೋಟದ ಅಂಚುಗಳು ಸವೆಯುತ್ತ ಬರುತ್ತಿವೆ, ಈ ವರ್ಷದ ಪರೀಕ್ಷೆಯಲ್ಲಿ ಪಾಸು, ಮುಂದಿನ ವರ್ಷದ್ದರ ಆಸೆ ಬಿಡಿ ಎಂದು ಡಾಕ್ಟರು ಬರೆದುಕೊಟ್ಟರು. ಹಾರುವ ಯಂತ್ರಗಳನ್ನೂ ಜಾತ್ರೆಯ ತೊಟ್ಟಿಲುಗಳನ್ನೂ ಪರೀಕ್ಷಿಸುವ ಇನ್ಸ್‌ಪೆಕ್ಟರ್ ನಮ್ಮೂರಿಗೆ ಬರುವುದು ವರ್ಷಕ್ಕೆ ಒಂದೇ ಸಲ. ಆ ಸಲ ಗುರುವಾರ ಬೆಳಿಗ್ಗೆ ಹತ್ತಕ್ಕೆ ಎಂದು ಕಾಗದ ಬಂದಿತ್ತು. ಅಂದು ಒಪ್ಪಿಗೆ ಸಿಕ್ಕರೆ ಭಾವ ತಮ್ಮ ವಿಮಾನದಲ್ಲಿ ಹಾರುತ್ತಾರೆ. ಸಿಗದಿದ್ದರೆ ಹನ್ನೊಂದು ವರ್ಷದ ಕೆಲಸದಲ್ಲಿ ಬೇರೆ ಯಾರೋ ಹಾರುತ್ತಾರೆ, ಅಥವಾ ಕೋಳಿಗಳು ಮೊಟ್ಟೆಯಿಡುತ್ತವೆ. ಎಲ್ಲ ಮುಗಿದಿತ್ತು, ಕೌಲಿಂಗ್ ಒಂದು ಬಿಟ್ಟು. ಕೌಲಿಂಗ್ ಅಂದರೆ ಇಂಜಿನ್ನಿನ ಮೇಲೆ ಮುಚ್ಚುವ ಫೈಬರ್ ಗ್ಲಾಸಿನ ಚಿಪ್ಪು. ಮೇಲಿನದೊಂದು ಅರ್ಧ, ಕೆಳಗಿನದೊಂದು ಅರ್ಧ. ಅಕ್ಕ ಅದನ್ನು ವಿಮಾನದ ಮೂತಿ ಅನ್ನುತ್ತಿದ್ದಳು, ಊರೂ ಹಾಗೇ ಅನ್ನತೊಡಗಿತು. ಊರಿನಲ್ಲಿ ಫೈಬರ್ ಗ್ಲಾಸ್ ಮುಟ್ಟುವವನು ನಾನೊಬ್ಬನೇ. ಅದು ಭಾವನ ದುರದೃಷ್ಟ.

“ಮಾಡ್ತೀಯ?” ಎಂದು ಕೇಳಿದರು ಭಾವ.

“ಮಾಡ್ತೀನಿ ಭಾವ. ನಾನು ಮಾಡಿದ್ರೆ...”

“ಅಷ್ಟು ಸಾಕು,” ಎಂದು ಅಕ್ಕ ನನ್ನ ಬಾಯಿಗೆ ಒಂದು ಕಲ್ಲುಸಕ್ಕರೆ ಹಾಕಿದಳು. ಮುಂದಿನ ಹತ್ತು ದಿನವೂ ನಾನು ಶೆಡ್ಡಿನೊಳಗೆ ಕಾಲಿಡುವಾಗ ಅವಳು ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದಳು. ಒಂದು ಕರಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ನಲವತ್ತೆಂಟು ವರ್ಷದ ಗಂಡಸು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ವಿಮಾನ ಕಟ್ಟುವುದನ್ನು ನೋಡಲು ಬೀದಿಯವರು ನೆಪ ಹುಡುಕಿಕೊಂಡು ಬರುತ್ತಿದ್ದರು.

ಆನೆ ಮಾಡಿದವನಿಗೆ ಮೂತಿ ಏನು ಮಹಾ ಅಂದುಕೊಂಡಿದ್ದೆ. ಆನೆಗೆ ಕಿವಿ ಒಂದು ಇಂಚು ಆಚೆ ಈಚೆ ಆದರೆ ಯಾವ ಮಗುವೂ ದೂರುವುದಿಲ್ಲ. ಮೂತಿಗೆ ಹಾಗಲ್ಲ. ಇಂಚಿನ ಎಂಟನೇ ಒಂದು ಪಾಲಿಗೆ ನಮ್ಮಲ್ಲಿ ನೂಲು ಎನ್ನುತ್ತಾರೆ, ಅಲ್ಲಿ ಎಲ್ಲವೂ ನೂಲಿನ ಲೆಕ್ಕ. ಮುಂದೆ ತಿರುಗುವ ಪ್ರೊಪೆಲ್ಲರಿನ ನಡುವೆ ಒಂದು ಚೂಪು ಟೋಪಿ ಇರುತ್ತದೆ, ಅದಕ್ಕೂ ಮೂತಿಯ ತುದಿಗೂ ಸುತ್ತಲೂ ಎರಡೇ ನೂಲು ಸಂದು ಇರಬೇಕು. ಕಡಿಮೆಯಾದರೆ ತಿರುಗುವಾಗ ಉಜ್ಜುತ್ತದೆ, ಹೆಚ್ಚಾದರೆ ಗಾಳಿ ಬೇಡದ ಕಡೆ ನುಗ್ಗುತ್ತದೆ. ಹಿಂದೆ, ಇಂಜಿನ್ನಿಗೂ ಕೂರುವವನಿಗೂ ನಡುವೆ ಒಂದು ಉಕ್ಕಿನ ತಡೆ, ಅದರ ಅಂಚಿಗೆ ಮೂತಿಯ ಅಂಚು ಬಂದು ಮುಟ್ಟಬೇಕು. ಇದಲ್ಲದೆ ಇಂಜಿನ್ ಕೂತಿರುವುದು ರಬ್ಬರಿನ ಬಿಲ್ಲೆಗಳ ಮೇಲೆ. ದಿನ ಕಳೆದ ಹಾಗೆ ರಬ್ಬರು ಕುಗ್ಗಿ ಇಂಜಿನ್ ತಲೆ ತಗ್ಗಿಸುತ್ತದೆ, ಅದಕ್ಕೇ ಈಗಲೇ ಅರ್ಧ ನೂಲು ಎತ್ತರಿಸಿ ಜೋಡಿಸಬೇಕು ಎಂದು ಭಾವ ಬೆರಳಿನಲ್ಲಿ ತೋರಿಸಿದರು. ಮುಂದೆ ತಲೆ ತಗ್ಗಿಸುವ ವಸ್ತುವಿಗೆ ಈಗ ಜಾಗ ಬಿಡುವುದು ನನಗೆ ಹೊಸ ವಿದ್ಯೆ.

ಚಿಪ್ಪನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಅಚ್ಚು ತೆಗೆದು, ಕೂರಿಸಿ, ಗುರುತು ಹಾಕಿ, ಇಳಿಸಿ, ಸ್ವಲ್ಪ ಕತ್ತರಿಸಿ, ಮತ್ತೆ ಕೂರಿಸುವುದು ಕ್ರಮ. ಒಂದು ದಿನದಲ್ಲಿ ಮೂವತ್ತು ಸಲ ಹತ್ತಿಸಿ ಇಳಿಸಿದ್ದೂ ಉಂಟು. ಹಿಂದಿನ ಅಂಚಿಗೆ ಗುರುತು ಹಾಕಲು ಒಂದು ಉಪಾಯವಿದೆ. ಬಣ್ಣ ಬಳಿಯದ ಫೈಬರ್ ಗ್ಲಾಸಿನೊಳಗೆ ಬೆಳಕು ಹಾಯುತ್ತದೆ. ಒಳಗೆ ಬಲ್ಬು ಇಟ್ಟರೆ ಉಕ್ಕಿನ ತಡೆಯ ಅಂಚು ಹೊರಗೆ ಕಪ್ಪು ಗೆರೆಯಾಗಿ ಕಾಣುತ್ತದೆ, ಅದರ ಮೇಲೆ ಪೆನ್ಸಿಲ್ ಎಳೆದರಾಯಿತು. ಆದರೆ ಗೆರೆಯ ನೇರಕ್ಕೆ ಕಣ್ಣಿಟ್ಟು ನೋಡಬೇಕು. ಪಕ್ಕದಿಂದ ನೋಡಿದರೆ ಗೆರೆ ಜರುಗಿದಂತೆ ಕಾಣುತ್ತದೆ. ಕೆಳಗಿನ ಅರ್ಧಕ್ಕೆ ಗುರುತು ಹಾಕುವ ದಿನ ಭಾವ ಲೇತಿನ ಕಡೆ ಇದ್ದರು, ಅಕ್ಕ ಸಕ್ಕರೆ ತರಲು ಒಳಗೆ ಹೋಗಿದ್ದಳು, ಬಾಗಿಲಲ್ಲಿ ಇಬ್ಬರು ನೆರೆಯವರು ನಿಂತಿದ್ದರು. ನಾನು ಮೂತಿಯನ್ನು ಹೊಗಳಲಿಲ್ಲ, ಅಷ್ಟು ಎಚ್ಚರವಿತ್ತು. ಬಲ್ಬಿನ ಉಪಾಯವನ್ನು ಅವರಿಗೆ ವಿವರಿಸಿದೆ. ವಿವರಿಸುವಾಗ ಮುಖ ಅವರ ಕಡೆ, ಪೆನ್ಸಿಲ್ ಗೆರೆಯ ಕಡೆ. ಕತ್ತರಿಸಿ ಕೂರಿಸಿದಾಗ ಬಲಗಡೆ ಒಂದು ಗೇಣು ಉದ್ದಕ್ಕೆ ಮೂರು ನೂಲು ಕಮ್ಮಿ ಬಂತು.

ಆಗ ಭಾವನನ್ನು ಕೂಗಿ ತೋರಿಸಬಹುದಿತ್ತು. ಗಾಜಿನೆಳೆಯ ಗ್ಲಾಸ್ ಬಟ್ಟೆ ಮೂರು ಪದರ ಹಾಕಿ, ರೆಸಿನ್ ಎಂಬ ಅಂಟು ಹಚ್ಚಿ ಅಂಚು ಬೆಳೆಸಿದರೆ ಒಂದು ದಿನದ ಕೆಲಸ. ನಾನು ಕೂಗಲಿಲ್ಲ. ಪೇಂಟರುಗಳು ಗೋಡೆಯ ಗುಂಡಿಗೆ ಮೆತ್ತುವ ಪುಟ್ಟಿಯನ್ನು ಅಂಚಿಗೆ ಮೆತ್ತಿ, ಒಣಗಿದ ಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಮೇಲೆ ಬಿಳಿ ಬಣ್ಣ ಹೊಡೆದೆ. ಮುಚ್ಚಿಡುವುದರಲ್ಲಿ ನನ್ನ ಕೈ ಪಳಗಿತ್ತು. ಭಾವ ಬಂದು ನೋಡಿದರು, ಕಣ್ಣಿಗೆ ಕಾಣುವಷ್ಟು ನೋಡಿದರು, ತಲೆಯಾಡಿಸಿದರು. ಪುಟ್ಟಿಯೊಳಗೆ ಬಟ್ಟೆಯಿಲ್ಲ, ಇಂಜಿನ್ನಿನ ನಡುಕಕ್ಕೆ ಅದು ಒಂದು ದಿನ ಬಿರುಕು ಬಿಟ್ಟು ಕಿತ್ತುಕೊಂಡು ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ದಿನ ಅಂದರೆ ಎಂದೋ ಒಂದು ದಿನ, ಅಲ್ಲಿಯತನಕ ನೋಡೋಣ ಎಂದು ಮನಸ್ಸನ್ನು ಸಮಾಧಾನಪಡಿಸಿದೆ. ನನ್ನ ಟ್ಯಾಂಕುಗಳಿಗೂ ಇದೇ ಸಮಾಧಾನ ಹೇಳಿಕೊಂಡು ಬಂದವನು ನಾನು.

ಮಂಗಳವಾರ ಸಂಜೆಗೆ ಮೂತಿ ಕೂತಿತು. ಎರಡು ಅರ್ಧಗಳನ್ನು ಜೋಡಿಸುವ ಕೀಲಿನ ಕಡ್ಡಿ ಒಂದೇ ಏಟಿಗೆ ಒಳಗೆ ಸರಿಯಿತು, ಟೋಪಿಯ ಸುತ್ತ ಸಂದು ಸರಿಯಾಗಿ ಎರಡು ನೂಲು. ಭಾವ ಆ ಸಂದಿನಲ್ಲಿ ಬೆರಳಿನ ತುದಿಯಿಟ್ಟು ಸುತ್ತು ಬಂದರು. ಅವರ ಮುಖ ನೋಡಿ ನನಗೆ ಒಳಗೆ ಖುಷಿಯೂ ಆಯಿತು, ಆ ಬೆರಳು ಹಿಂದಿನ ಅಂಚಿಗೆ ಹೋಗದಿರಲಿ ಎಂದು ಬೇಡಿಕೊಂಡದ್ದೂ ಆಯಿತು. ಎರಡೂ ಒಟ್ಟಿಗೆ.

ಬುಧವಾರ ಬೆಳಿಗ್ಗೆ ಕೆಲಸವಿರಲಿಲ್ಲ. ಹೋಟೆಲಿಗೆ ಹೋದೆ. ಹೋದದ್ದೇ ತಪ್ಪು. ಎಲ್ಲರೂ ಮೂತಿ ಏನಾಯಿತು ಎಂದು ಕೇಳಿದರು. “ಇದೆ,” ಅಂದೆ. ನಾನು ಒಂದೇ ಪದದಲ್ಲಿ ಉತ್ತರ ಕೊಟ್ಟಿದ್ದನ್ನು ಆ ಹೋಟೆಲು ಹಿಂದೆಂದೂ ಕಂಡಿರಲಿಲ್ಲ. ನಗು ಬಂತು, ಕೆಣಕಿದರು. ಆಗ ನನಗೊಂದು ಉಪಾಯ ಹೊಳೆಯಿತು. ಹೊಗಳಿಕೊಂಡರೆ ತಾನೇ ಉಬ್ಬುವುದು, ತೆಗಳಿಕೊಂಡರೆ ಏನೂ ಆಗುವುದಿಲ್ಲವಲ್ಲ.

“ನನ್ನಂಥ ದಡ್ಡ ಈ ಊರಲ್ಲಿ ಇನ್ನೊಬ್ಬ ಇದ್ರೆ ತೋರ್ಸಿ,” ಎಂದು ಶುರುಮಾಡಿದೆ. “ಆನೆ ಮಾಡೋ ಕೈಯಲ್ಲಿ ವಿಮಾನದ ಮೂತಿ. ಅದನ್ನ ನನ್ನ ಕೈಗೆ ಕೊಟ್ಟ ಭಾವ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದು ಸುಮ್ನೆ ಅಲ್ಲ.” ಹೋಟೆಲು ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಹೇಳಿದೆ, ಮತ್ತೊಂದು ಹೇಳಿದೆ. ಮೂತಿ ಕೂರಿಸುವಾಗ ತಲೆ ಜಜ್ಜಿಕೊಂಡದ್ದು, ಸ್ವಂತ ಅಂಗಿಯ ತೋಳನ್ನು ರೆಸಿನ್ನಿನಲ್ಲಿ ಚಿಪ್ಪಿಗೆ ಅಂಟಿಸಿಕೊಂಡು ಅಕ್ಕನಿಂದ ಕತ್ತರಿ ಹಾಕಿಸಿಕೊಂಡದ್ದು, ಎಲ್ಲ. ಪುಟ್ಟಿಯ ವಿಷಯ ಒಂದನ್ನು ಬಿಟ್ಟು ಎಲ್ಲ. ಅರ್ಧ ಗಂಟೆ ನಾನು ನನ್ನನ್ನೇ ತುಂಡು ತುಂಡು ಮಾಡಿ ಬಡಿಸಿದೆ. ಇಷ್ಟು ಚೆನ್ನಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ಮನೆಗೆ ಬರುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಶೆಡ್ಡಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಡಬ್ಬಿ ಇರಲಿಲ್ಲ.

“ಎಲ್ಲಿ ಹೋಗಿದ್ದೆ?”

“ಹೋಟೆಲಿಗೆ.”

“ಏನ್ ಹೇಳ್ದೆ?”

ಒಳಗೆ ನೋಡಿದೆ. ಮೂತಿ ಮಂಗನಬಾವು ಬಂದವರ ಕೆನ್ನೆಯ ಹಾಗೆ ಊದಿಕೊಂಡಿತ್ತು. ಮುಂದಿನ ತುದಿ ಪ್ರೊಪೆಲ್ಲರಿನ ಟೋಪಿಯನ್ನು ಒತ್ತಿಕೊಂಡಿತ್ತು, ಹಿಂದೆ ಅಂಚು ಉಕ್ಕಿನ ತಡೆಯನ್ನು ದಾಟಿ ವಿಮಾನದ ಮೈಮೇಲೆ ಹತ್ತಿ ಕೂತಿತ್ತು. ಭಾವ ಕುಕ್ಕುರುಗಾಲಲ್ಲಿ ಕೂತು ಸಂದು ಇಲ್ಲದ ಕಡೆ ಬೆರಳಾಡಿಸುತ್ತಿದ್ದರು.

“ಹೊಗಳಿಲ್ಲ ಭಾವ,” ಅಂದೆ. “ನಿಮ್ಮಾಣೆ ಹೊಗಳಿಲ್ಲ. ಬೈಕೊಂಡೆ.”

“ಬೈಕೊಂಡಿದ್ದನ್ನ ಹೇಳು,” ಅಂದರು ಭಾವ. “ಹೇಗೆ ಹೇಳಿದ್ಯೋ ಹಾಗೇ.”

ಮುಖ ಸಣ್ಣದು ಮಾಡಿಕೊಂಡು ಹೇಳಿದೆ. ದಡ್ಡನ ಮಾತು ಹೇಳುವಾಗ ಚಿಪ್ಪು ಕಿರ್ ಎಂದಿತು. ಅಂಟಿಕೊಂಡ ತೋಳಿನ ಕಥೆಗೆ ಬರುವಷ್ಟರಲ್ಲಿ ಇನ್ನೂ ಅರ್ಧ ನೂಲು ಉಬ್ಬಿ, ಒಂದು ತಿರುಪು ಜಾಗ ಬಿಟ್ಟು ಹಾರಿ ಮೂಲೆಯಲ್ಲಿದ್ದ ರೆಸಿನ್ ಡ್ರಮ್ಮಿಗೆ ಬಡಿಯಿತು. ಅಕ್ಕ ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

ನಾನು ಐವತ್ತು ವರ್ಷದ ಹತ್ತಿರ ಬಂದು ಅಂದು ತಿಳಿದುಕೊಂಡೆ, ನಾನು ನನ್ನನ್ನು ಬೈದುಕೊಳ್ಳುವುದೂ ಬೆನ್ನು ತಟ್ಟಿಕೊಳ್ಳುವುದೂ ಒಂದೇ ಕೈಯ ಕೆಲಸ. ಈ ಕಥೆಯನ್ನು ನಾನು ಹೇಗೆ ಹೇಳುತ್ತ ಬಂದಿದ್ದೇನೆ ಎಂದು ನೀವು ಗಮನಿಸಿದ್ದರೆ ನಿಮಗೂ ತಿಳಿದಿರಬಹುದು.

“ಸರಿ, ಕುಂದು ಹೇಳು,” ಅಂದರು ಭಾವ. “ನಿಜವಾದ್ದು.”

ಹೇಳಿದೆ. ಎಡಗಡೆ ಬಣ್ಣ ಒಂದು ಕಡೆ ಇಳಿದಿದೆ ಅಂದೆ. ಮೂತಿ ಒಂದು ಕೂದಲೆಳೆ ಇಳಿಯಿತು. ಮೂರನೆಯ ತಿರುಪಿನ ತೂತು ಸೊಟ್ಟಗಿದೆ ಅಂದೆ. ಇನ್ನೊಂದು ಎಳೆ. ಒಳಗೆ ಒಂದು ಕಡೆ ಗಾಳಿಗುಳ್ಳೆ ಉಳಿದಿದೆ. ಇನ್ನೊಂದು. ಅಷ್ಟಕ್ಕೆ ನಿಂತುಹೋಯಿತು. ಭಾವ ಅಳತೆ ಹಿಡಿದರು. ಟೋಪಿಗೂ ಮೂತಿಗೂ ನಡುವೆ ಕಾಗದ ತೂರುವಷ್ಟು ಜಾಗ ಬಂದಿತ್ತು.

“ಇಷ್ಟೇನಾ?”

“ಇಷ್ಟೇ ಭಾವ.”

ಚಿಪ್ಪು ಕಿರ್ ಎಂದಿತು. ಭಾವನಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಎದ್ದು ಗೂಟದಲ್ಲಿದ್ದ, ಸ್ಯಾಂಡ್ ಪೇಪರ್ ಅಂಟಿಸಿದ ಉಜ್ಜುವ ಹಲಗೆ ತೆಗೆದು ನನ್ನ ಕೈಗೆ ಕೊಟ್ಟರು. “ಹೋಗ್ಲಿ ಬಿಡು. ಮುಂದಿನ ತುದಿ ಎರಡು ನೂಲು ಉಜ್ಜು, ಹಿಂದಿನ ಅಂಚು ಅಷ್ಟೇ ಕತ್ತರ್ಸು. ನಾಳೆ ಹತ್ತು ಗಂಟೆಗೆ ತೋರ್ಸೋಕೆ ಸಾಕು.”

ದೇವರೇ ದಾರಿ ತೋರಿಸಿದ ಹಾಗಿತ್ತು. ಉಜ್ಜಿದರೆ ಸಂದು ಬರುತ್ತದೆ, ಸಂದು ಬಂದರೆ ಇನ್ಸ್‌ಪೆಕ್ಟರ್ ಒಪ್ಪುತ್ತಾರೆ, ಭಾವ ಹಾರುತ್ತಾರೆ. ಪುಟ್ಟಿಯ ವಿಷಯ ನನಗೂ ಬಣ್ಣಕ್ಕೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೇಳಿದರೆ ಕಿತ್ತು ಮತ್ತೆ ಕಟ್ಟಬೇಕು. ಹೊತ್ತು ಹನ್ನೊಂದಾಗಿತ್ತು, ಒಣಗಲು ಒಂದು ದಿನ ಬೇಕು, ಇನ್ಸ್‌ಪೆಕ್ಟರ್ ಬೆಳಿಗ್ಗೆಯೇ ಬರುತ್ತಾರೆ. ಹೇಳಿದರೆ ಭಾವ ಬಹುಶಃ ಎಂದೂ ಹಾರುವುದಿಲ್ಲ, ಹೇಳದಿದ್ದರೆ ಬಹುಶಃ ಒಂದೇ ಸಲ ಹಾರುತ್ತಾರೆ. ಹಲಗೆ ಹಿಡಿದು ಮೂತಿಯ ತುದಿಗೆ ಎರಡು ಸಲ ಉಜ್ಜಿದೆ. ಮೂರನೆಯ ಸಲಕ್ಕೆ ಕೈ ಮೇಲೆ ಬರಲಿಲ್ಲ. ಅಕ್ಕ ಆಚೆ ಬದಿಯಲ್ಲಿ ವಿಮಾನದ ಮೈಗೆ ಒರಗಿ ನಿಂತು, ಭಾವ ಕೂರುವ ಸೀಟಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಪುಟ್ಟಿ ಕಿತ್ತುಬಂದರೆ ನೇರವಾಗಿ ಅಲ್ಲಿಗೇ ಬಂದು ಬಡಿಯುತ್ತದೆ.

“ಭಾವ,” ಅಂದೆ. “ಕೆಳಗಿನ ಅರ್ಧ, ಬಲಗಡೆ. ಮೂರು ನೂಲು ಜಾಸ್ತಿ ಕತ್ತರಿಸಿಬಿಟ್ಟೆ. ಬಟ್ಟೆ ಹಾಕ್ಲಿಲ್ಲ. ಪುಟ್ಟಿ ಮೆತ್ತಿ ಬಣ್ಣ ಹೊಡ್ದಿದ್ದೀನಿ.”

ಇದಕ್ಕೆ ನಾನು ಯಾವ ತಮಾಷೆಯನ್ನೂ ಸೇರಿಸಲಿಲ್ಲ. ಸೇರಿಸಲು ಏನೂ ಹೊಳೆಯಲೂ ಇಲ್ಲ. ಚಿಪ್ಪು ದೀರ್ಘವಾಗಿ ಉಸಿರುಬಿಟ್ಟಂತೆ ಸದ್ದು ಮಾಡಿ ಕೆಳಗಿಳಿಯಿತು, ಅಂಚು ಉಕ್ಕಿನ ತಡೆಗೆ ಬಂದು ತಾಗಿತು, ಟೋಪಿಯ ಸುತ್ತ ಎರಡು ನೂಲು ಬೆಳಕು ಬಂತು. ಬಲಗಡೆ, ಒಂದು ಗೇಣು ಉದ್ದಕ್ಕೆ, ಬಿಳಿ ಬಣ್ಣದಲ್ಲಿ ಸಣ್ಣಗೆ ಬಿರುಕು ಕಾಣಿಸಿಕೊಂಡಿತು.

ಭಾವ ಹತ್ತಿರ ಬಂದು ಆ ಬಿರುಕಿಗೆ ಸ್ಕ್ರೂಡ್ರೈವರಿನ ತುದಿ ಕೊಟ್ಟು ಮೀಟಿದರು. ಪುಟ್ಟಿ ರೊಟ್ಟಿಯ ಚೂರಿನ ಹಾಗೆ ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

“ಹುಟ್ಟಿದಾಗಿಂದ ನೀನು ಬಾಯಿ ಮುಚ್ಕೊಂಡಿದ್ದು ಒಂದೇ ಸಲ,” ಅಂದರು ಕೊನೆಗೆ. “ಅದೂ ಇಂಥದ್ದಕ್ಕೆ.”

ಅಕ್ಕ ಒಳಗೆ ಹೋದಳು. ನನ್ನ ಮುಖ ನೋಡಲಾರದೆ ಹೋದಳು ಅಂದುಕೊಂಡೆ. ಎರಡು ನಿಮಿಷಕ್ಕೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ಬಂದಳು. “ಬಿಸಿ ಕೊಟ್ರೆ ಬೇಗ ಒಣಗುತ್ತೆ ಅಂತ ನೀನೇ ಯಾವಾಗ್ಲೋ ಹೇಳಿದ್ದೆ. ಅದಾದ್ರೂ ನಿಜಾನಾ?”

“ನಿಜ ಅಕ್ಕ.”

“ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತಿದ್ದೀಯ?”

ಕೆಳಗಿನ ಅರ್ಧವನ್ನು ಬಿಚ್ಚಿ ಬಿಸಿಲಿಗೆ ತಂದೆವು. ಪುಟ್ಟಿಯನ್ನೆಲ್ಲ ಕೆರೆದು, ಅಂಚನ್ನು ಎರಡು ಇಂಚು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಗ್ಲಾಸ್ ಬಟ್ಟೆಯನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ಪದರ ಕತ್ತರಿಸಿದೆ. ರೆಸಿನ್ ಹಚ್ಚಿ ಒಂದೊಂದೇ ಪದರ ಇಟ್ಟು, ಗಾಳಿ ಉಳಿಯದ ಹಾಗೆ ಬೆರಳಿನಲ್ಲಿ ಒತ್ತಿ ಒತ್ತಿ ಕೂರಿಸಿದೆ. ಭಾವ ಕೆಳಗಿನಿಂದ ತಗಡು ಹಿಡಿದಿದ್ದರು, ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಅದರ ಹಿಂದೆ ಹಿಡಿದು ಆಚೆ ಈಚೆ ಆಡಿಸುತ್ತಿದ್ದಳು. ಬಾಯಲ್ಲಿ ಏನೂ ಇಲ್ಲದೆ ನಾನು ಸುಮ್ಮನಿದ್ದ ಮೊದಲ ಮಧ್ಯಾಹ್ನ ಅದು. ಹೊತ್ತು ಇಳಿಯುವ ಮುಂಚೆ ಉಗುರಿನಿಂದ ಒತ್ತಿ ನೋಡಿದೆ. ಗುರುತು ಬೀಳಲಿಲ್ಲ. ಭಾವ ಸ್ವತಃ ಬಲ್ಬು ಹಿಡಿದರು, ಗೆರೆಯ ನೇರಕ್ಕೆ ಕೂತು ನಾನು ಪೆನ್ಸಿಲ್ ಎಳೆದೆ.

ಗುರುವಾರ ಬೆಳಿಗ್ಗೆ ಸುಗುಣಾ ಮೇಡಂ ಬಂದರು. ಹತ್ತು ವರ್ಷದಿಂದ ನಮ್ಮೂರಿಗೆ ಬಂದು ಹೋಗುತ್ತಿರುವ ಇನ್ಸ್‌ಪೆಕ್ಟರ್, ನಮ್ಮ ರೀತಿನೀತಿ ಬಲ್ಲವರು. ವಿಮಾನದ ಸುತ್ತ ಬಂದು, ಮೂತಿಯ ಮುಂದೆ ನಿಂತು, ಪರ್ಸಿನಿಂದ ಒಂದು ನಾಣ್ಯ ತೆಗೆದು ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋದರು. ಒಳಗೆ ಟೊಳ್ಳಿದ್ದರೆ ಸದ್ದು ಸಾಯುತ್ತದೆ. ಬಲಗಡೆಗೆ ಬಂದಾಗ ಬಣ್ಣವಿಲ್ಲದ ತೇಪೆ ಕಂಡಿತು. ಬೆಳ್ಳಗಿನ ಮೂತಿಯ ಮೇಲೆ ಹಳದಿ ಹಳದಿಯಾಗಿ, ಸುಟ್ಟ ಗಾಯಕ್ಕೆ ಹಚ್ಚಿದ ಮುಲಾಮಿನ ಹಾಗಿತ್ತು. ಅದರ ಮೇಲೆ ಹತ್ತು ಸಲ ತಟ್ಟಿದರು. ಸದ್ದು ಉಳಿದ ಕಡೆ ಇದ್ದ ಹಾಗೇ ಬಂತು.

“ಇದ್ಯಾವಾಗಿನದು?”

“ನಿನ್ನೆಯದು,” ಎಂದರು ಭಾವ.

ಮೇಡಂ ನನ್ನ ಕಡೆ ನೋಡಿ, ತಕ್ಷಣ ಕಣ್ಣು ತೆಗೆದರು. ನಮ್ಮೂರಿನಲ್ಲಿ ಮಾಡಿದವನನ್ನು ಕೇಳಬಾರದು, ಕೂರುವವನನ್ನು ಕೇಳಬೇಕು. ಭಾವನ ಕಡೆ ತಿರುಗಿದರು. “ನೇಮಿರಾಜ್ ಅವ್ರೇ, ನೀವು ಇದರ ಹಿಂದೆ ಕೂತ್ಕೋತೀರಾ?”

ಭಾವ ತೇಪೆಯ ಮೇಲೆ ಅಂಗೈ ಇಟ್ಟರು. ನಿನ್ನೆ ಪುಟ್ಟಿಯ ಚೂರು ಹಿಡಿದಿದ್ದ ಅದೇ ಕೈ.

“ಕೂತ್ಕೋತೀನಿ,” ಅಂದರು. ಮೇಡಂ ಸಹಿ ಹಾಕಿದರು.

ಊರಾಚೆಯ ಬತ್ತಿದ ಕೆರೆಯ ಅಂಗಳ ಭಾವನ ಓಡುದಾರಿ. ಅರ್ಧ ಊರು ಏರಿಯ ಮೇಲೆ ಸಾಲಾಗಿ ಕೂತಿತ್ತು. ಇಂಜಿನ್ ಕೆಮ್ಮಿತು, ಹಿಡಿಯಿತು, ಧೂಳೆದ್ದಿತು. ವಿಮಾನ ಓಡಿ, ಒಮ್ಮೆ ಕುಪ್ಪಳಿಸಿ, ಎರಡನೆಯ ಕುಪ್ಪಳಿಕೆಯಿಂದ ಕೆಳಗಿಳಿಯಲೇ ಇಲ್ಲ. ಜನ ಎದ್ದು ನಿಂತರು. ಭಾವ ಕೆರೆ ದಾಟಿದರು, ಸ್ಕೂಲು ದಾಟಿದರು, ನೀರಿನ ಟ್ಯಾಂಕಿನ ಮೇಲೆ ವಾಲಿ ಮೊದಲನೆಯ ಸುತ್ತಿಗೆ ತಿರುಗಿದರು. ನನ್ನ ಕಣ್ಣಿಗೆ ವಿಮಾನ ಕಾಣುತ್ತಿರಲಿಲ್ಲ, ಮೂತಿಯ ಬಲಗಡೆಯ ಒಂದು ಗೇಣು ಮಾತ್ರ ಕಾಣುತ್ತಿತ್ತು, ಅಷ್ಟು ದೂರದಿಂದ ಕಾಣಲು ಸಾಧ್ಯವಿಲ್ಲದಿದ್ದರೂ.

ಅಕ್ಕ ನನ್ನ ಪಕ್ಕ ನಿಂತಿದ್ದಳು. ಅವಳು ಯಾವಾಗ ನನ್ನ ತೋಳು ಹಿಡಿದುಕೊಂಡಳೋ ಗೊತ್ತಿಲ್ಲ, ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಎರಡನೆಯ ಸುತ್ತಿನಲ್ಲಿ ಇಂಜಿನ್ನಿನ ಸದ್ದು ಗಾಳಿಯ ಜೊತೆ ಒಮ್ಮೆ ತಗ್ಗಿ ಮತ್ತೆ ಎದ್ದಿತು.

“ಧರಣಿ,” ಅಂದಳು. “ಗಟ್ಟಿಯಾಗಿದೆ ತಾನೇ? ಒಂದ್ ಮಾತು ಹೇಳೋ.”

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಇದೇ ಊರಿನಲ್ಲಿ ಹುಟ್ಟಿದವಳು, ಹತ್ತು ದಿನ ನನ್ನ ಬಾಯಿಗೆ ಬೀಗ ಹಾಕಿದವಳು. ಗಟ್ಟಿಯಾಗಿದೆ ಎಂದು ನಾನು ಅಂದರೆ ಆ ಗಳಿಗೆಗೆ, ಅಷ್ಟು ಎತ್ತರದಲ್ಲಿ, ಎರಡು ನೂಲಿನ ಸಂದು ಮುಚ್ಚಿಹೋಗುತ್ತದೆ. ಭಯಕ್ಕೆ ಇದೆಲ್ಲ ಎಲ್ಲಿ ನೆನಪಿರುತ್ತದೆ. “ಹೇಳೋ,” ಅಂದಳು ಮತ್ತೆ. ಅವಳ ಕಣ್ಣು ತುಂಬಿತ್ತು. ನನ್ನ ಗಂಟಲಿನವರೆಗೆ ಮಾತು ಬಂದಿತ್ತು. ಜಿನುಗುವ ಟ್ಯಾಂಕುಗಳ ಬಗ್ಗೆ, ಪೊಳ್ಳು ಆನೆಗಳ ಬಗ್ಗೆ ಇಪ್ಪತ್ತು ವರ್ಷ ಗಂಟಲು ಹರಿಯುವಂತೆ ಹೇಳಿದ ಮಾತೇ ಅದು. ಹೆತ್ತ ತಾಯಿಯ ಹಾಗೆ ನನ್ನನ್ನು ಸಾಕಿದ ಅಕ್ಕ ಬೇಡುತ್ತಿದ್ದಾಳೆ, ಅವಳಿಗೆ ಕೊಡಬೇಕಾದ ಮಾತು ನನ್ನ ಬಾಯಲ್ಲೇ ಇದೆ, ಕೊಡುವಂತಿಲ್ಲ. ಆ ತೇಪೆ ಹೇಗಿತ್ತು ಎಂಬುದನ್ನು ಇಲ್ಲಿಯೂ ನಾನು ಹೇಳುವುದಿಲ್ಲ. ಆ ವಿಮಾನ ಇವತ್ತಿಗೂ ಶೆಡ್ಡಿನಲ್ಲಿದೆ.

ನಾನು ಸುಮ್ಮನೆ ಅವಳ ಕಡೆ ತಿರುಗಿ ನಿಂತೆ. ಅಕ್ಕ ನನ್ನ ಮುಖವನ್ನೇ ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಆಡಿದ ಒಂದು ಮಾತನ್ನೂ ಅವಳು ಪೂರ್ತಿ ನಂಬಿದವಳಲ್ಲ. ಆಮೇಲೆ ನನ್ನ ತೋಳು ಬಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು, “ಸರಿ ಹಾಗಾದ್ರೆ” ಎಂದು ಹೇಳಿ ಏರಿಯ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಭಾವ ಮೂರನೆಯ ಸುತ್ತಿಗೆ ತಿರುಗಿದರು.